ಗೋಯಾನ ‘ಲಾಸಾರಿಯೊ’: ಹುಡುಗನ ಬಾಯೊಳಗಿರುವುದು ಯಾರ ಬೆರಳು?

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಮಕ್ಕಳ ರೋಗಗಳ ಬಗ್ಗೆ ಪಾಠ ಮಾಡುತ್ತೇನೆ. ಗಂಟಲಮಾರಿ, ಎಂದರೆ ಡಿಫ್ತೀರಿಯಾ ರೋಗದ ಚರಿತ್ರೆಯನ್ನು ಹೇಳುವಾಗ ಸ್ಪೇನಿನ ಚಿತ್ರಕಾರ ಗೋಯಾನ ಒಂದು ಚಿತ್ರವನ್ನು ತೋರಿಸುವ ರೂಢಿಯಿದೆ. ಅದರಲ್ಲಿ ಒಬ್ಬ ಮುದುಕ ಹುಡುಗನೊಬ್ಬನ ಬಾಯಿಯೊಳಗೆ ಬೆರಳು ಹಾಕಿದ್ದಾನೆ. ನಮ್ಮ ಪುಸ್ತಕಗಳಲ್ಲಿ ಇದನ್ನು ‘ವೈದ್ಯನು ಗಂಟಲಮಾರಿಗೆ ಚಿಕಿತ್ಸೆ ನೀಡುತ್ತಿರುವುದು’ ಎಂದು ವಿವರಿಸಲಾಗಿದೆ. ಆದರೆ ಕಲಾಪುಸ್ತಕವೊಂದರಲ್ಲಿ ಇದೇ ಚಿತ್ರಕ್ಕೆ ‘ಲಾಸಾರಿಯೊ ದೆ ತೋರ್ಮೆಸ್’ ಎಂಬ ಹೆಸರಿದ್ದು, ಅದು ಯಾವುದೋ ಹಳೆಯ ಪೋಕರಿ ಹುಡುಗನ ಕಥೆಯ ದೃಶ್ಯ ಎಂದು ಬರೆದಿದೆ. ಯಾವುದು ಸರಿ? ತರಗತಿಯಲ್ಲಿ ಇದನ್ನು ತೋರಿಸುವುದನ್ನು ನಿಲ್ಲಿಸಬೇಕೆ?

ಉತ್ತರ: ಕಲಾಪುಸ್ತಕದಲ್ಲಿರುವುದೇ ಸರಿ. ಈ ಚಿತ್ರದಲ್ಲಿ ವೈದ್ಯನಿಲ್ಲ, ರೋಗಿಯೂ ಇಲ್ಲ. ಇಲ್ಲಿರುವವರು ಒಬ್ಬ ಕುರುಡ ಭಿಕ್ಷುಕ ಮತ್ತು ಅವನ ಕೈಹಿಡಿದು ನಡೆಸುವ, ಅವನಿಂದ ಹಸಿವು ಅನುಭವಿಸುವ, ಅವಕಾಶ ಸಿಕ್ಕಾಗಲೆಲ್ಲ ಅವನ ಊಟವನ್ನು ಕದಿಯುವ ಒಬ್ಬ ಹುಡುಗ. ಹುಡುಗ ಏನು ತಿಂದಿದ್ದಾನೆ ಎಂಬುದನ್ನು ಪತ್ತೆಹಚ್ಚಲು ಮುದುಕ ಅವನ ಬಾಯಿ ತೆರೆದು ಮೂಸುತ್ತಿದ್ದಾನೆ. ಇದು ಕೇವಲ ಹೆಸರಿನ ಗೊಂದಲವಾಗಿದ್ದರೆ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಾಗಿತ್ತು. ಆದರೆ ತಪ್ಪು ಹೆಸರು ಈ ಚಿತ್ರದ ಅರ್ಥವನ್ನೇ ತಲೆಕೆಳಗು ಮಾಡುತ್ತದೆ: ಒಬ್ಬನು ಇನ್ನೊಬ್ಬನ ಮೇಲೆ ನಡೆಸುತ್ತಿರುವ ದೌರ್ಜನ್ಯವನ್ನು ನಾವು ಉಪಕಾರವೆಂದು ನೋಡುವಂತಾಗುತ್ತದೆ. ಆದ್ದರಿಂದ ನನ್ನ ಮಾತಿಗೆ ಆಧಾರಗಳೇನು, ನಿಮ್ಮ ಪುಸ್ತಕಗಳಲ್ಲಿ ಆ ಹೆಸರು ಬಂದದ್ದಾದರೂ ಹೇಗೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಚಿತ್ರವನ್ನೇ ನೋಡೋಣ. ಇದು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದ, ಸುಮಾರು 80 ಸೆಂಟಿಮೀಟರ್ ಎತ್ತರ ಮತ್ತು 65 ಸೆಂಟಿಮೀಟರ್ ಅಗಲದ ಚಿತ್ರ. ಅರಮನೆಗೋ ಇಗರ್ಜಿಗೋ ಬರೆದುಕೊಟ್ಟ ದೊಡ್ಡ ಕೃತಿಯಲ್ಲ. ಗೋಯಾ ತನಗಾಗಿ ಬರೆದು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ ಚಿತ್ರಗಳಲ್ಲೊಂದು. ಹಿನ್ನೆಲೆ ಬಹುತೇಕ ಕತ್ತಲು. ಒಲೆಯ ಬೆಂಕಿಯ ಕೆಂಪು ಅಷ್ಟಿಷ್ಟು ಕಾಣುತ್ತದೆ. ಮುದುಕ ಕುಳಿತಿದ್ದಾನೆ, ಹುಡುಗ ಅವನ ಎರಡು ಮೊಣಕಾಲುಗಳ ನಡುವೆ ಸಿಕ್ಕಿಬಿದ್ದಿದ್ದಾನೆ. ಮುದುಕನ ಒಂದು ಕೈ ಹುಡುಗನ ಕತ್ತಿನ ಹಿಂಭಾಗವನ್ನು ಹಿಡಿದಿದೆ. ಇನ್ನೊಂದು ಕೈಯ ಬೆರಳುಗಳು ಅವನ ಬಾಯಿಯನ್ನು ಅಗಲಿಸಿ ಒಳಗೆ ಹೋಗಿವೆ. ಎರಡೂ ಮುಖಗಳು ಉಸಿರಿಗೆ ಉಸಿರು ತಾಗುವಷ್ಟು ಹತ್ತಿರದಲ್ಲಿವೆ. ಇನ್ನು ಮುದುಕನ ಕಣ್ಣುಗಳನ್ನು ಗಮನಿಸಿ, ಅವು ಮುಚ್ಚಿವೆ.

ಆ ಮುಚ್ಚಿದ ಕಣ್ಣುಗಳ ವಿಷಯದಲ್ಲಿ ನನಗಿಂತ ನೀವೇ ಚೆನ್ನಾಗಿ ತೀರ್ಪು ಹೇಳಬಲ್ಲಿರಿ. ಗಂಟಲು ನೋವೆಂದು ಬಂದ ಮಗುವನ್ನು ನೀವು ಹೇಗೆ ಪರೀಕ್ಷಿಸುತ್ತೀರಿ? ಮುಖವನ್ನು ಬೆಳಕಿನ ಕಡೆಗೆ ತಿರುಗಿಸುತ್ತೀರಿ, ನಾಲಿಗೆಯನ್ನು ಚಮಚದಿಂದಲೋ ಪಟ್ಟಿಯಿಂದಲೋ ಅದುಮುತ್ತೀರಿ, ಗಂಟಲಿನೊಳಕ್ಕೆ ನೋಡುತ್ತೀರಿ. ಗಂಟಲಮಾರಿಯಲ್ಲಿ ವೈದ್ಯನು ಹುಡುಕುವ ಬೂದುಬಣ್ಣದ ಪೊರೆಯನ್ನು ಗುರುತಿಸುವುದು ಕಣ್ಣಿನಿಂದಲೇ. ಈ ಮುದುಕನೋ ನೋಡುತ್ತಲೇ ಇಲ್ಲ. ಅವನ ಗಮನವೆಲ್ಲ ಮೂಗಿನಲ್ಲಿ ಮತ್ತು ಬೆರಳ ತುದಿಯಲ್ಲಿ ಕೇಂದ್ರೀಕರಿಸಿದೆ. ಇಷ್ಟು ಸಾಲದಿದ್ದರೆ ಉಳಿದ ಸಂಗತಿಗಳನ್ನೂ ಸೇರಿಸಿಕೊಳ್ಳಬಹುದು: ಮದ್ದಿನ ಬಟ್ಟಲಿಲ್ಲ, ಉಪಕರಣವಿಲ್ಲ, ಮಗುವನ್ನು ಸಂತೈಸುವ ತಾಯಿಯಿಲ್ಲ, ಮಲಗಿಸಲು ಹಾಸಿಗೆಯಿಲ್ಲ. ಇರುವುದು ಹರಕು ಬಟ್ಟೆ ಮತ್ತು ಒಲೆಯ ಬೆಂಕಿ ಮಾತ್ರ. ಆ ಬೆಂಕಿ ಅಲ್ಲೇಕೆ ಇದೆ ಎಂಬುದಕ್ಕೆ ಉತ್ತರ ಕಥೆಯಲ್ಲಿದೆ.

‘ಲಾಸಾರಿಯೊ ದೆ ತೋರ್ಮೆಸ್’ ಸ್ಪೇನಿನ ಗದ್ಯಸಾಹಿತ್ಯದ ದಿಕ್ಕನ್ನು ಬದಲಿಸಿದ ಸಣ್ಣ ಪುಸ್ತಕ. ನಮಗೆ ದೊರೆತಿರುವ ಅತ್ಯಂತ ಹಳೆಯ ಮುದ್ರಣಗಳು 1554ನೆಯ ಇಸವಿಯವು. ಆ ಒಂದೇ ವರ್ಷದಲ್ಲಿ ಬುರ್ಗೋಸ್, ಅಲ್ಕಲಾ, ಮೆದಿನಾ ದೆಲ್ ಕಾಂಪೊ ಮತ್ತು ಆಂಟ್‌ವರ್ಪ್ ನಗರಗಳಲ್ಲಿ ಇದು ಅಚ್ಚಾಯಿತು. ಇವುಗಳಲ್ಲಿ ಮೆದಿನಾ ದೆಲ್ ಕಾಂಪೊ ಮುದ್ರಣದ ಪ್ರತಿ ಬೆಳಕಿಗೆ ಬಂದದ್ದು 1990ರ ದಶಕದಲ್ಲಿ. ಬಾರ್ಕಾರೋತ ಎಂಬ ಊರಿನ ಹಳೆಯ ಮನೆಯೊಂದರ ಗೋಡೆಯೊಳಗೆ, ಬೇರೆ ಕೆಲವು ಪುಸ್ತಕಗಳ ಜೊತೆಯಲ್ಲಿ, ಯಾರೋ ಬಚ್ಚಿಟ್ಟು ಗೋಡೆ ಮುಚ್ಚಿಬಿಟ್ಟಿದ್ದರು. ಹಾಗೆ ಬಚ್ಚಿಡುವುದಕ್ಕೆ ಕಾರಣವೂ ಇತ್ತು. ಪಾದ್ರಿಗಳನ್ನೂ ಧರ್ಮದ ಹೆಸರಿನ ವ್ಯಾಪಾರವನ್ನೂ ಬಯಲಿಗೆಳೆದದ್ದಕ್ಕಾಗಿ, ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ಸಂಸ್ಥೆ 1559ರಲ್ಲಿ ಈ ಪುಸ್ತಕವನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು. ಆಕ್ಷೇಪಾರ್ಹವೆನಿಸಿದ ಭಾಗಗಳನ್ನು ಕತ್ತರಿಸಿದ ಪಠ್ಯ 1573ರಲ್ಲಿ ಹೊರಬಂತು, ಮತ್ತು ಸ್ಪೇನಿನಲ್ಲಿ ಬಹುಕಾಲ ಓದುಗರ ಕೈಗೆ ಸಿಗುತ್ತಿದ್ದದ್ದು ಹೀಗೆ ಕತ್ತರಿ ಆಡಿಸಿದ ಪಠ್ಯವೇ. ಆದರೆ ಕುರುಡನ ಪ್ರಸಂಗಕ್ಕೆ ಯಾರೂ ಕತ್ತರಿ ಹಾಕಲಿಲ್ಲ. ಸ್ಪೇನಿನಲ್ಲಿ ಅದು ಮನೆಮಾತಾಗಿ ಉಳಿಯಿತು. ಪುಸ್ತಕವನ್ನು ಬರೆದವನು ತನ್ನ ಹೆಸರನ್ನು ಹಾಕಲಿಲ್ಲ. ಅನೇಕರ ಹೆಸರುಗಳನ್ನು ವಿದ್ವಾಂಸರು ಸೂಚಿಸಿದ್ದಾರಾದರೂ ಯಾವುದೂ ಸಾಬೀತಾಗಿಲ್ಲ.

ಕಥೆಯನ್ನು ಹೇಳುವವನು ಬೆಳೆದು ದೊಡ್ಡವನಾಗಿ, ತೊಲೇದೊ ನಗರದಲ್ಲಿ ಡಂಗುರ ಸಾರುವ ಸರಕಾರಿ ಕೆಲಸ ಹಿಡಿದಿರುವ ಲಾಸಾರೊ. ‘ಲಾಸಾರಿಯೊ’ ಎಂದರೆ ಪುಟ್ಟ ಲಾಸಾರೊ. ಸಲಮಾಂಕಾದ ಬಳಿ ತೋರ್ಮೆಸ್ ನದಿಯ ಹಿಟ್ಟಿನ ಗಿರಣಿಯಲ್ಲಿ ಹುಟ್ಟಿದ್ದರಿಂದ ಅವನ ಹೆಸರಿಗೆ ಆ ನದಿಯ ಹೆಸರು ಅಂಟಿಕೊಂಡಿತು. ಗಿರಣಿಗೆ ಬಂದ ಗ್ರಾಹಕರ ಚೀಲಗಳಿಂದ ಕಾಳು ಕದ್ದ ಆರೋಪದಲ್ಲಿ ತಂದೆ ಸಿಕ್ಕಿಬಿದ್ದು, ಊರಿಂದ ಹೊರಗಾಗಿ, ಯುದ್ಧದಲ್ಲಿ ಸತ್ತ. ತಾಯಿ ಜೀವನೋಪಾಯಕ್ಕಾಗಿ ಪಡಬಾರದ ಪಾಡುಪಟ್ಟು, ಕೊನೆಗೆ ಒಂದು ತಂಗುಮನೆಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿಗೆ ಬಂದ ಕುರುಡ ಭಿಕ್ಷುಕನೊಬ್ಬನಿಗೆ ಹುಡುಗನನ್ನು ಒಪ್ಪಿಸಿದಳು. ಸಲಮಾಂಕಾ ಬಿಟ್ಟು ಹೊರಡುವಾಗಲೇ ಹುಡುಗನಿಗೆ ಮೊದಲ ಪಾಠ ಆಯಿತು. ಸೇತುವೆಯ ಬಳಿಯಿದ್ದ ಕಲ್ಲಿನ ಗೂಳಿಗೆ ಕಿವಿಯಿಟ್ಟರೆ ಒಳಗೆ ದೊಡ್ಡ ಸದ್ದು ಕೇಳುತ್ತದೆ ಎಂದು ಕುರುಡ ನಂಬಿಸಿದ. ಹುಡುಗ ಕಿವಿಯಿಟ್ಟ ಕ್ಷಣದಲ್ಲಿ ಅವನ ತಲೆಯನ್ನು ಆ ಕಲ್ಲಿಗೆ ಅಪ್ಪಳಿಸಿ, ಕುರುಡನ ಜೊತೆಗಿರುವ ಹುಡುಗ ಸೈತಾನನಿಗಿಂತ ಒಂದು ಹೆಜ್ಜೆ ಮುಂದಿರಬೇಕು ಎಂದು ನಕ್ಕ.

ಅಲ್ಲಿಂದ ಮುಂದೆ ಇಬ್ಬರ ನಡುವೆ ಅನ್ನದ ಮೇಲಿನ ಯುದ್ಧವೇ ನಡೆಯುತ್ತದೆ. ಕುರುಡ ದ್ರಾಕ್ಷಾರಸದ ಹೂಜಿಯನ್ನು ಕೈಬಿಡದೆ ಹಿಡಿದಿರುತ್ತಾನೆ. ಹುಡುಗ ಉದ್ದನೆಯ ಹುಲ್ಲುಕಡ್ಡಿಯಿಂದ ಅದನ್ನು ಹೀರುತ್ತಾನೆ. ಕುರುಡ ಹೂಜಿಯನ್ನು ಕಾಲುಗಳ ನಡುವೆ ಇಟ್ಟು ಅದರ ಬಾಯಿಗೆ ಕೈ ಮುಚ್ಚತೊಡಗಿದಾಗ, ಹುಡುಗ ಹೂಜಿಯ ತಳಕ್ಕೆ ಸಣ್ಣ ತೂತು ಕೊರೆದು ಮೇಣದಿಂದ ಮುಚ್ಚುತ್ತಾನೆ. ಚಳಿ ಕಾಯಿಸುವ ನೆಪದಲ್ಲಿ ಕುರುಡನ ಕಾಲುಗಳ ನಡುವೆ ಕುಳಿತು, ಬೆಂಕಿಯ ಶಾಖಕ್ಕೆ ಮೇಣ ಕರಗಿ ಹನಿಯುವ ದ್ರಾಕ್ಷಾರಸವನ್ನು ಬಾಯಿ ತೆರೆದು ಕುಡಿಯುತ್ತಾನೆ. ಇದನ್ನು ಪತ್ತೆಹಚ್ಚಿದ ಕುರುಡ ಏನೂ ತಿಳಿಯದವನಂತೆ ಸುಮ್ಮನಿದ್ದು, ಮರುದಿನ ಹುಡುಗ ಕಣ್ಣುಮುಚ್ಚಿ ಮೇಲ್ಮುಖವಾಗಿ ಕುಡಿಯುತ್ತಿರುವಾಗ ಹೂಜಿಯನ್ನು ಎರಡೂ ಕೈಗಳಿಂದ ಎತ್ತಿ ಅವನ ಮುಖದ ಮೇಲೆ ಕುಕ್ಕುತ್ತಾನೆ. ಹುಡುಗನ ಹಲ್ಲುಗಳು ಮುರಿಯುತ್ತವೆ. ಕಾಲುಗಳ ನಡುವೆ ಹುಡುಗ, ಹಿಂದೆ ಬೆಂಕಿ, ತೆರೆದ ಬಾಯಿ: ಗೋಯಾನ ಚಿತ್ರದಲ್ಲಿರುವ ಎಲ್ಲ ಸಾಮಗ್ರಿಯೂ ಈ ಪ್ರಸಂಗದಲ್ಲಿ ಆಗಲೇ ಇದೆ. ಗೋಯಾ ಆರಿಸಿಕೊಂಡದ್ದು ಇದರ ನಂತರ ಬರುವ ಇನ್ನೊಂದು ಪ್ರಸಂಗವನ್ನು.

ಅದು ನಡೆಯುವುದು ಎಸ್ಕಲೋನಾ ಎಂಬ ಊರಿನ ತಂಗುಮನೆಯಲ್ಲಿ. ಕರುಳಿನ ಚೀಲದಲ್ಲಿ ಮಾಂಸ ತುಂಬಿದ ಸಾಸೇಜನ್ನು ಒಲೆಯ ಮೇಲೆ ಸುಡುವಂತೆ ಕುರುಡ ಹುಡುಗನಿಗೆ ಕೊಡುತ್ತಾನೆ. ಅದರ ಜಿಡ್ಡು ಇಳಿದು ಬ್ರೆಡ್ಡಿಗೆ ಹತ್ತುತ್ತಿದ್ದಂತೆ ಆ ಬ್ರೆಡ್ಡನ್ನು ತಿಂದು, ದ್ರಾಕ್ಷಾರಸ ತರಲು ಹುಡುಗನಿಗೆ ಒಂದು ಕಾಸು ಕೊಡಹೊರಡುತ್ತಾನೆ. ಒಲೆಯ ಪಕ್ಕದಲ್ಲಿ ಯಾರೋ ಎಸೆದಿದ್ದ ಕೊಳೆತ ಟರ್ನಿಪ್ ಗಡ್ಡೆಯೊಂದು ಹುಡುಗನ ಕಣ್ಣಿಗೆ ಬೀಳುತ್ತದೆ. ಸಾಸೇಜಿನ ವಾಸನೆ ಹೊಟ್ಟೆಯನ್ನು ಕಲಕುತ್ತಿದೆ, ಪಕ್ಕದಲ್ಲಿ ಬೇರೆ ಯಾರೂ ಇಲ್ಲ. ಕಾಸನ್ನು ತೆಗೆದುಕೊಡಲು ಕುರುಡ ತಡಕಾಡುತ್ತಿರುವಾಗಲೇ ಹುಡುಗ ಸಾಸೇಜನ್ನು ತೆಗೆದು ಆ ಜಾಗದಲ್ಲಿ ಗಡ್ಡೆಯನ್ನು ಕಂಬಿಗೆ ಚುಚ್ಚುತ್ತಾನೆ. ದ್ರಾಕ್ಷಾರಸ ತರುವ ದಾರಿಯಲ್ಲಿ ಸಾಸೇಜು ಹೊಟ್ಟೆ ಸೇರುತ್ತದೆ. ಹಿಂದಿರುಗಿ ಬಂದು ನೋಡಿದರೆ, ಕುರುಡ ಗಡ್ಡೆಯನ್ನು ಎರಡು ಬ್ರೆಡ್ ತುಂಡುಗಳ ನಡುವೆ ಇಟ್ಟು ಅದುಮಿ ಹಿಡಿದಿದ್ದಾನೆ. ಕಚ್ಚಿದೊಡನೆ ಮೋಸ ತಿಳಿಯುತ್ತದೆ. ನಾನು ದ್ರಾಕ್ಷಾರಸ ತರಲು ಹೋಗಿರಲಿಲ್ಲವೇ, ಬೇರೆ ಯಾರೋ ತಮಾಷೆ ಮಾಡಿರಬೇಕು ಎಂದು ಹುಡುಗ ಆಣೆ ಹಾಕುತ್ತಾನೆ. ಕಂಬಿ ನನ್ನ ಕೈಬಿಟ್ಟಿಲ್ಲ, ಅದು ಸಾಧ್ಯವಿಲ್ಲ ಎನ್ನುತ್ತಾನೆ ಕುರುಡ. ಎದ್ದು ಹುಡುಗನ ತಲೆಯನ್ನು ಹಿಡಿದು ಉಸಿರನ್ನು ಮೂಸುತ್ತಾನೆ. ಅಷ್ಟಕ್ಕೆ ತೃಪ್ತನಾಗದೆ ಎರಡೂ ಕೈಗಳಿಂದ ಬಾಯಿಯನ್ನು ಅಗಲವಾಗಿ ತೆರೆದು ತನ್ನ ಉದ್ದನೆಯ ಚೂಪು ಮೂಗನ್ನು ಗಂಟಲವರೆಗೂ ತೂರಿಸುತ್ತಾನೆ. ಭಯ, ಉಸಿರುಕಟ್ಟುವಿಕೆ, ಇನ್ನೂ ಜೀರ್ಣವಾಗದ ಸಾಸೇಜು ಎಲ್ಲ ಸೇರಿ, ಕದ್ದ ಮಾಲು ಮೂಗಿನ ಜೊತೆಯಲ್ಲೇ ಹೊರಬಂದು ಒಡೆಯನನ್ನು ಸೇರುತ್ತದೆ. ಹೊಡೆತದ ಗದ್ದಲ ಕೇಳಿ ಜನ ಓಡಿಬಂದು ಬಿಡಿಸದಿದ್ದರೆ ಅಂದೇ ಪ್ರಾಣ ಹೋಗುತ್ತಿತ್ತು ಎಂದು ಲಾಸಾರೊ ನೆನೆಯುತ್ತಾನೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ಕಥೆಯಲ್ಲಿ ಬಾಯಿಯೊಳಕ್ಕೆ ಹೋಗುವುದು ಮೂಗು, ಚಿತ್ರದಲ್ಲಿ ಬೆರಳುಗಳು. ವೈದ್ಯನ ಪರವಾಗಿ ವಾದಿಸಬಯಸುವವರಿಗೆ ಇದೊಂದು ಆಸರೆಯಾಗಬಹುದು. ನನ್ನ ದೃಷ್ಟಿಯಲ್ಲಿ ಇದು ಚಿತ್ರಕಾರನ ವಿವೇಕ. ಬರಹಗಾರನು ಕ್ರಿಯೆಯನ್ನು ಹಂತಹಂತವಾಗಿ ಹೇಳಬಲ್ಲ: ಮೂಸಿದ, ಬಾಯಿ ತೆರೆದ, ಮೂಗು ತೂರಿಸಿದ, ವಾಂತಿಯಾಯಿತು. ಚಿತ್ರಕಾರನಿಗೆ ದೊರೆಯುವುದು ಒಂದೇ ಕ್ಷಣ. ಮೂಗು ಬಾಯಿಯೊಳಗಿರುವ ಕ್ಷಣವನ್ನು ಬರೆದರೆ ಎರಡೂ ಮುಖಗಳು ಒಂದರೊಳಗೊಂದು ಮುಳುಗಿ ಯಾವುದೂ ಕಾಣುವುದಿಲ್ಲ. ಗೋಯಾ ಅದಕ್ಕಿಂತ ಒಂದು ಕ್ಷಣ ಹಿಂದೆ ನಿಂತಿದ್ದಾನೆ. ಬಾಯಿ ಅಗಲಿದೆ, ಮೂಗು ಹತ್ತಿರ ಬಂದಿದೆ, ಇನ್ನೂ ಒಳಹೊಕ್ಕಿಲ್ಲ. ಕೆಟ್ಟದ್ದು ಇನ್ನೇನು ನಡೆಯಲಿದೆ ಎಂಬ ಹಂತದಲ್ಲಿ ಅವನು ಕುಂಚವನ್ನು ನಿಲ್ಲಿಸಿದ್ದರಿಂದ, ಹುಡುಗನ ಭಯವೂ ಮುದುಕನ ಏಕಾಗ್ರತೆಯೂ ಪೂರ್ಣವಾಗಿ ಕಾಣುತ್ತವೆ.

ಇದೆಲ್ಲ ನೋಡುವವನ ಊಹೆ ಎಂದು ನಿಮಗೆ ಅನಿಸಬಹುದು. ಆದರೆ ದಾಖಲೆಯೂ ಇದೆ. ಗೋಯಾನ ಹೆಂಡತಿ ಹೋಸೆಫಾ ಬಾಯೇವು 1812ರ ಜೂನ್ ತಿಂಗಳಲ್ಲಿ ತೀರಿಕೊಂಡಳು. ಆಸ್ತಿಯನ್ನು ಗೋಯಾನಿಗೂ ಮಗ ಹಾವಿಯೆರನಿಗೂ ಪಾಲು ಮಾಡಬೇಕಾಗಿ ಬಂದು, ಮನೆಯಲ್ಲಿದ್ದ ಸಾಮಾನುಗಳ ಜೊತೆಗೆ ಚಿತ್ರಗಳ ಪಟ್ಟಿಯನ್ನೂ ಮಾಡಿದರು. ಆ ಪಟ್ಟಿಯ 25ನೆಯ ಸಂಖ್ಯೆಯ ಚಿತ್ರಕ್ಕೆ ಕೊಟ್ಟಿರುವ ಹೆಸರು ‘ಲಾಸಾರಿಯೊ ದೆ ತೋರ್ಮೆಸ್’. ಮಗನ ಪಾಲಿಗೆ ಹೋದ ಚಿತ್ರಗಳ ಮೇಲೆ ಅವನ ಹೆಸರಿನ ಮೊದಲ ಅಕ್ಷರವನ್ನೂ ಸಂಖ್ಯೆಯನ್ನೂ ಬರೆಯುತ್ತಿದ್ದರು. ಈ ಚಿತ್ರ ಯಾವುದೆಂದು ಗುರುತಿಸಲು ನೆರವಾದದ್ದು ಆ ಗುರುತೇ. ಗೋಯಾ ಬದುಕಿದ್ದಾಗಲೇ, ಅವನ ಮನೆಯಲ್ಲೇ, ಅವನಿಗೆ ಗೊತ್ತಿದ್ದಂತೆಯೇ ಇಟ್ಟ ಹೆಸರಿಗಿಂತ ಹೆಚ್ಚಿನ ಸಾಕ್ಷ್ಯವನ್ನು ಚಿತ್ರಕಲೆಯ ಚರಿತ್ರೆಯಲ್ಲಿ ಅಪೇಕ್ಷಿಸುವುದು ಕಷ್ಟ. ಚಿತ್ರವನ್ನು 1812ಕ್ಕಿಂತ ಮೊದಲೇ ಬರೆದದ್ದೆಂದು ಹೇಳಲು ಸಾಧ್ಯವಾಗಿರುವುದೂ ಇದೇ ಪಟ್ಟಿಯಿಂದ.

ಮುಂದೆ ಈ ಚಿತ್ರ ದೇಶ ಬಿಟ್ಟು ಅಲೆಯಿತು. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಸ್ಪೇನಿನ ಚಿತ್ರಗಳನ್ನು ಕೊಳ್ಳಲು ಬ್ಯಾರನ್ ಟೇಲರ್ ಎಂಬುವನನ್ನು ಕಳುಹಿಸಿದ್ದ. ಹಾಗೆ ಕೊಂಡ ನೂರಾರು ಚಿತ್ರಗಳನ್ನು 1838ರಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯಲ್ಲಿ ‘ಸ್ಪ್ಯಾನಿಷ್ ಗ್ಯಾಲರಿ’ ಎಂಬ ಹೆಸರಿನಲ್ಲಿ ಪ್ರದರ್ಶಿಸಲಾಯಿತು. ಗೋಯಾನ ಕೆಲವೇ ಚಿತ್ರಗಳ ನಡುವೆ ಇದೂ ಅಲ್ಲಿತ್ತು. 1848ರ ಕ್ರಾಂತಿಯಲ್ಲಿ ದೊರೆ ಸಿಂಹಾಸನ ಕಳೆದುಕೊಂಡ ಮೇಲೆ ಆ ಸಂಗ್ರಹ 1853ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಇದು ಮ್ಯಾಡ್ರಿಡ್‌ನ ಗ್ರೆಗೋರಿಯೊ ಮರನ್ಯೋನ್ ಅವರ ಸಂಗ್ರಹಕ್ಕೆ ಸೇರಿತು. ಕೈಯಿಂದ ಕೈಗೆ ಸಾಗುವಾಗ ಹಳೆಯ ಹೆಸರು ಕಳಚಿಬಿದ್ದು, ಚಿತ್ರ ‘ಗಾರೊತಿಯೊ’ ಎಂದು, ಎಂದರೆ ಉಸಿರುಕಟ್ಟಿಸುವ ಗಂಟಲಮಾರಿ ಎಂದು ಪ್ರಸಿದ್ಧವಾಯಿತು. 1812ರ ಪಟ್ಟಿಯನ್ನು ವಿದ್ವಾಂಸ ಸಾಂಚೆಸ್ ಕಾಂತೋನ್ ಪ್ರಕಟಿಸಿದ್ದು 1946ರಲ್ಲಿ. ಅಷ್ಟು ಹೊತ್ತಿಗೆ ವೈದ್ಯಕೀಯ ಪುಸ್ತಕಗಳಲ್ಲಿ ತಪ್ಪು ಹೆಸರು ಬೇರೂರಿತ್ತು.

ತಪ್ಪು ಹೆಸರಿಟ್ಟವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸ್ಪೇನಿನಲ್ಲಿ ಆ ರೋಗದ ನೆನಪು ಬಹಳ ಗಾಢವಾದದ್ದು. ಹದಿನಾರನೆಯ ಶತಮಾನದ ಕೊನೆ ಮತ್ತು ಹದಿನೇಳನೆಯ ಶತಮಾನದ ಆರಂಭದಲ್ಲಿ ಅದು ಅಲ್ಲಿ ಅಲೆಅಲೆಯಾಗಿ ಬಂದು ಅಸಂಖ್ಯ ಮಕ್ಕಳನ್ನು ಕೊಂದಿತು. 1613ನೆಯ ಇಸವಿಗೆ ಅಲ್ಲಿ ಆ ರೋಗದ ಹೆಸರೇ ಅಂಟಿಕೊಂಡಿತು. ಅದರ ಬಗ್ಗೆ ಹುವಾನ್ ದೆ ವಿಯ್ಯಾರಿಯಾಲ್ ಎಂಬ ವೈದ್ಯ 1611ರಲ್ಲೇ ಅಲ್ಕಲಾದಲ್ಲಿ ಗ್ರಂಥ ಪ್ರಕಟಿಸಿದ್ದ. ಫ್ರಾನ್ಸಿನ ಬ್ರೆತೊನೊ ಈ ರೋಗಕ್ಕೆ ಇಂದಿನ ವೈದ್ಯಕೀಯ ಹೆಸರನ್ನು ಕೊಟ್ಟದ್ದು 1826ರಲ್ಲಿ, ಎಂದರೆ ಚಿತ್ರ ಬರೆದ ಎಷ್ಟೋ ವರ್ಷಗಳ ನಂತರ. ಬೇರಿಂಗ್ ಮತ್ತು ಕಿತಾಸಾತೊ ಅವರ ಪ್ರತಿವಿಷದ ಸಂಶೋಧನೆ 1890ರದು. ಅಲ್ಲಿಯವರೆಗೆ ಮಗುವಿನ ಗಂಟಲು ಮುಚ್ಚಿಕೊಳ್ಳುವುದನ್ನು ತಂದೆತಾಯಿಗಳು ನಿಸ್ಸಹಾಯಕರಾಗಿ ನೋಡುತ್ತ ಕೂರಬೇಕಾಗಿತ್ತು. ಇಂಥ ನೆನಪು ಹೊತ್ತವರಿಗೆ ಮಗುವಿನ ತೆರೆದ ಬಾಯಿಯೂ ಅದರೊಳಗಿನ ಬೆರಳೂ ಬೇರೆ ಯಾವ ಅರ್ಥವನ್ನೂ ಕೊಡದಿರುವುದು ಸಹಜವೇ. ಅದರ ಮೇಲೆ ಚಿತ್ರದ ಒಡೆಯರಾದ ಮರನ್ಯೋನ್ ಸ್ಪೇನಿನ ಹೆಸರಾಂತ ವೈದ್ಯರು. ಅವರು ಸಾಹಿತ್ಯವನ್ನೂ ಆಳವಾಗಿ ಬಲ್ಲವರು. ‘ಲಾಸಾರಿಯೊ’ದ ಒಂದು ಆವೃತ್ತಿಗೆ ಮುನ್ನುಡಿಯನ್ನೂ ಬರೆದಿದ್ದಾರೆ.

ಗೋಯಾ ವೈದ್ಯರನ್ನು ಹೇಗೆ ಬರೆಯುತ್ತಿದ್ದ ಎಂಬುದನ್ನೂ ನೋಡಬೇಕು. 1799ರಲ್ಲಿ ಅವನು ಪ್ರಕಟಿಸಿದ 80 ಎಚಿಂಗ್‌ಗಳ, ಎಂದರೆ ಲೋಹದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳ, ‘ಕಾಪ್ರಿಚೋಸ್’ ಮಾಲೆಯ 40ನೆಯ ಚಿತ್ರದಲ್ಲಿ, ಸಾಯುತ್ತಿರುವ ರೋಗಿಯ ಹಾಸಿಗೆಯ ಪಕ್ಕ ಕುಳಿತು ನಾಡಿ ಹಿಡಿದಿರುವ ವೈದ್ಯ ಒಂದು ಕತ್ತೆ. ಅದೇ ಮಾಲೆಯ 33ನೆಯ ಚಿತ್ರ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು: ಅಲ್ಲಿ ಒಬ್ಬ ನಕಲಿ ವೈದ್ಯ ರೋಗಿಯ ಬಾಯಿಯೊಳಕ್ಕೆ ಕೈ ಹಾಕಿ ಹಲ್ಲು ಕೀಳುತ್ತಿದ್ದಾನೆ. ಹಾಗಾದರೆ ಬಾಯಿಗೆ ಬೆರಳು ಹಾಕಿದ ವೈದ್ಯನನ್ನು ಗೋಯಾ ಬರೆದಿದ್ದಾನಲ್ಲ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಆದರೆ ಆ ಎಚಿಂಗ್‌ನಲ್ಲಿ ಅವನು ನಮ್ಮನ್ನು ಊಹೆಗೆ ಬಿಟ್ಟಿಲ್ಲ. ನಕಲಿ ವೈದ್ಯನ ಠೀವಿಯ ಉಡುಪು, ಅವನ ಚಿಕಿತ್ಸೆಯ ಫಲವನ್ನು ಅನುಭವಿಸುತ್ತಿರುವ ಸುತ್ತಲಿನ ರೋಗಿಗಳು, ಎಲ್ಲವೂ ಇದು ಯಾವ ವೃತ್ತಿಯ ಮನುಷ್ಯ ಎಂಬುದನ್ನು ಸಾರಿ ಹೇಳುತ್ತವೆ. ನಮ್ಮ ಚಿತ್ರದಲ್ಲಿ ಅಂಥ ಒಂದು ಕುರುಹೂ ಇಲ್ಲ.

ಗೋಯಾ ಗೌರವದಿಂದ ಬರೆದ ವೈದ್ಯನೂ ಒಬ್ಬನಿದ್ದಾನೆ. 1819ರ ಕೊನೆಯಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ, ಗೋಯಾ ಸಾವಿನ ಬಾಗಿಲಿಗೆ ಹೋಗಿ ಬಂದ. ಬದುಕಿಸಿದ ವೈದ್ಯ ಅರಿಯೇತಾನಿಗೆ ಕೃತಜ್ಞತೆಯಾಗಿ 1820ರಲ್ಲಿ ಬರೆದುಕೊಟ್ಟ ಚಿತ್ರ ಈಗ ಅಮೆರಿಕದ ಮಿನಿಯಾಪೊಲಿಸ್ ಕಲಾಸಂಸ್ಥೆಯಲ್ಲಿದೆ. ಅದರಲ್ಲಿ ಗೋಯಾ ಹಾಸಿಗೆಯಲ್ಲಿ ಹಿಂದಕ್ಕೆ ಒರಗಿದ್ದಾನೆ. ಬೆರಳುಗಳು ಹೊದಿಕೆಯನ್ನು ಬಿಗಿಯಾಗಿ ಹಿಡಿದಿವೆ. ಅರಿಯೇತಾ ಹಿಂದಿನಿಂದ ಒಂದು ತೋಳಿನಲ್ಲಿ ಅವನನ್ನು ಆನಿಸಿಕೊಂಡು, ಇನ್ನೊಂದು ಕೈಯಿಂದ ಮದ್ದಿನ ಲೋಟವನ್ನು ತುಟಿಯ ಬಳಿಗೆ ತಂದಿದ್ದಾನೆ. ಈ ಚಿತ್ರವನ್ನೂ ಲಾಸಾರಿಯೊ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ಬರೀ ಕೈಗಳನ್ನು ಹೋಲಿಸಿ ನೋಡಿ. ಎರಡರಲ್ಲೂ ಒಂದು ಕೈ ಹಿಂದೆ ಇದೆ, ಒಂದು ಕೈ ಬಾಯಿಯ ಬಳಿ ಇದೆ. ಅರಿಯೇತಾನ ಹಿಂದಿನ ಕೈ ಆಸರೆ ಕೊಡುತ್ತದೆ, ಕುರುಡನದು ತಪ್ಪಿಸಿಕೊಳ್ಳದಂತೆ ಹಿಡಿಯುತ್ತದೆ. ಅರಿಯೇತಾನ ಮುಂದಿನ ಕೈ ಏನನ್ನೋ ಕೊಡುತ್ತಿದೆ. ಕುರುಡನ ಕೈ ಒಳಗಿರುವುದನ್ನು ಹೊರಗೆಳೆಯಲು ಹೋಗಿದೆ. ಆರೈಕೆಯ ಕೈ ಹೇಗಿರುತ್ತದೆ ಎಂಬುದು ಗೋಯಾನಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಅದನ್ನು ಬರೆಯಬೇಕಾದಾಗ ಅವನು ಅದನ್ನೇ ಬರೆದ.

ಈ ಕಥೆಯನ್ನು ಅವನು ಆ ವರ್ಷಗಳಲ್ಲೇ ಏಕೆ ಕೈಗೆತ್ತಿಕೊಂಡ ಎಂಬ ಪ್ರಶ್ನೆಗೆ ಅವನೇ ಬರೆದಿಟ್ಟ ಉತ್ತರವಿಲ್ಲ. ಆದರೆ ಕಾಲವನ್ನು ಮರೆತು ಈ ಚಿತ್ರವನ್ನು ನೋಡುವುದು ನನ್ನಿಂದಾಗದು. 1808ರಲ್ಲಿ ನೆಪೋಲಿಯನ್ನನ ಸೇನೆ ಸ್ಪೇನನ್ನು ಆಕ್ರಮಿಸಿತು. 1811ರಿಂದ 1812ರವರೆಗೆ ಮ್ಯಾಡ್ರಿಡ್‌ನಲ್ಲಿ ಭೀಕರ ಕ್ಷಾಮ ಬಂದು ಸುಮಾರು 20,000 ಜನ ಸತ್ತರೆಂದು ಅಂದಾಜು. ಗೋಯಾ ಆಗ ಅದೇ ಊರಿನಲ್ಲಿದ್ದ. ಯುದ್ಧದ ಅನಾಹುತಗಳನ್ನು ಕುರಿತ ಅವನ ಎಚಿಂಗ್ ಮಾಲೆಯಲ್ಲಿ 48ನೆಯದರಿಂದ 64ನೆಯದರವರೆಗಿನ ಚಿತ್ರಗಳು ಈ ಹಸಿವಿಗೇ ಮೀಸಲು: ಬೀದಿಯಲ್ಲಿ ಬಿದ್ದ ಎಲುಬುಗೂಡಿನಂಥ ದೇಹಗಳು, ಕೈಚಾಚಿದವರು, ಹೆಣ ತುಂಬಿದ ಗಾಡಿ. ಲಾಸಾರಿಯೊ ಕಥೆಯ ತಿರುಳೂ ಹಸಿವೇ. ಒಡೆಯರು ಬದಲಾಗುತ್ತಾರೆ, ಹಸಿವು ಬದಲಾಗುವುದಿಲ್ಲ: ಕುರುಡನ ನಂತರ ಸಿಕ್ಕಿದ ಮಕೇದಾದ ಪಾದ್ರಿ ಬ್ರೆಡ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ, ತೊಲೇದೊದಲ್ಲಿ ಸಿಕ್ಕಿದ ಕುಲೀನನಿಗೆ ಸ್ವತಃ ತಿನ್ನಲು ಗತಿಯಿಲ್ಲದೆ ಹುಡುಗನೇ ಬೇಡಿ ತಂದು ಅವನಿಗೂ ಹಾಕುತ್ತಾನೆ. ಒಬ್ಬ ಮನುಷ್ಯ ಇನ್ನೊಬ್ಬನ ಹೊಟ್ಟೆಯಿಂದ ತುತ್ತನ್ನು ವಾಪಸ್ಸು ಕಿತ್ತುಕೊಳ್ಳುವ ಈ ದೃಶ್ಯವನ್ನು, ಬೀದಿಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದ ಕಾಲಕ್ಕೆ ತೀರ ಹತ್ತಿರದಲ್ಲಿ, ಗೋಯಾ ಹಳೆಯ ವಿನೋದಕಥೆಯ ಅಲಂಕಾರವೆಂದು ಬರೆದಿರಲಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲೇ ಕಥೆಗೂ ಚಿತ್ರಕ್ಕೂ ಇರುವ ಆಳವಾದ ವ್ಯತ್ಯಾಸ ಕಾಣಿಸುತ್ತದೆ. ಪುಸ್ತಕದಲ್ಲಿ ಈ ಪ್ರಸಂಗವನ್ನು ಓದುವಾಗ ನಾವು ನಗುತ್ತೇವೆ. ಹೇಳುತ್ತಿರುವವನು ಬದುಕಿ ಉಳಿದ ಲಾಸಾರೊ. ಪೆಟ್ಟುಗಳನ್ನು ಅವನು ಈಗ ರಸವತ್ತಾದ ಮಾತುಗಳನ್ನಾಗಿ ಮಾಡಿಕೊಂಡಿದ್ದಾನೆ. ಹುಡುಗ ಕೊನೆಗೆ ಸೇಡು ತೀರಿಸಿಕೊಳ್ಳುತ್ತಾನೆ ಎಂಬುದೂ ಓದುಗನಿಗೆ ಸಮಾಧಾನ ಕೊಡುತ್ತದೆ: ಮಳೆಯ ದಿನ ಹರಿಯುವ ನೀರನ್ನು ದಾಟಿಸುವ ನೆಪದಲ್ಲಿ ಕುರುಡನನ್ನು ಕಲ್ಲಿನ ಕಂಬದ ಎದುರು ನಿಲ್ಲಿಸಿ ಜಿಗಿಯಲು ಹೇಳುತ್ತಾನೆ, ಕುರುಡನ ತಲೆ ಒಡೆಯುತ್ತದೆ, ಹುಡುಗ ಓಡಿಹೋಗುತ್ತಾನೆ. ಚಿತ್ರದಲ್ಲಿ ಇದ್ಯಾವುದಕ್ಕೂ ಎಡೆಯಿಲ್ಲ. ಹುಡುಗನ ಮಾತೇ ಕೇಳುವುದಿಲ್ಲ, ಏಕೆಂದರೆ ಅವನ ಬಾಯಿಯನ್ನೇ ಇನ್ನೊಬ್ಬ ವಶಪಡಿಸಿಕೊಂಡಿದ್ದಾನೆ. ಕಥೆಯಲ್ಲಿ ಓಡಿಬಂದು ಬಿಡಿಸುವ ಜನರನ್ನೂ ಗೋಯಾ ಬರೆದಿಲ್ಲ. ಆ ಜಾಗದಲ್ಲಿ ನಿಂತಿರುವವರು ನೋಡುಗರಾದ ನಾವು.

ಸೆವಿಲ್ಯಾದ ಮುರಿಲ್ಲೊ ಹದಿನೇಳನೆಯ ಶತಮಾನದಲ್ಲಿ ಬರೆದ ಬೀದಿಮಕ್ಕಳ ಚಿತ್ರಗಳನ್ನು ನೀವು ನೋಡಿರಬಹುದು. ಮ್ಯೂನಿಕ್ಕಿನಲ್ಲಿರುವ, ದ್ರಾಕ್ಷಿ ಮತ್ತು ಕರಬೂಜ ತಿನ್ನುವ ಇಬ್ಬರು ಹುಡುಗರ ಚಿತ್ರ ಬಹಳ ಪ್ರಸಿದ್ಧ. ಪೋಕರಿ ಹುಡುಗರ ಕಥೆಗಳ ಜೊತೆಗೆ ಅವನ್ನೂ ಸೇರಿಸಿ ಹೇಳುವುದುಂಟು. ಮುರಿಲ್ಲೊನ ಮಕ್ಕಳ ಬಟ್ಟೆ ಹರಿದಿದ್ದರೂ ಕೆನ್ನೆ ತುಂಬಿದೆ, ಬಾಯಲ್ಲಿ ಹಣ್ಣಿದೆ, ಬಿಸಿಲು ಬೆಚ್ಚಗಿದೆ. ಅವು ಸುಂದರ ಚಿತ್ರಗಳೇ, ಸಂದೇಹವಿಲ್ಲ. ಆದರೆ ಲಾಸಾರಿಯೊ ಪುಸ್ತಕದ ಒಳದನಿಯನ್ನು ಹಿಡಿದಿರುವುದು ಮುರಿಲ್ಲೊನ ಬಿಸಿಲಲ್ಲ, ಗೋಯಾನ ಕತ್ತಲೆ ಎಂದೇ ನಾನು ತಿಳಿಯುತ್ತೇನೆ.

ಪುಸ್ತಕದ ಇನ್ನೊಂದು ಸಣ್ಣ ಸಂಗತಿಯನ್ನು, ವಿಷಯಕ್ಕೆ ಹತ್ತಿರವಾದದ್ದರಿಂದ, ಇಲ್ಲಿ ಸೇರಿಸುತ್ತೇನೆ. ಲಾಸಾರಿಯೊನ ಒಡೆಯರಲ್ಲಿ ಒಬ್ಬ ಚಿತ್ರಕಾರನೂ ಇದ್ದ. ಅವನು ಕಂಜರ ಎಂಬ ಚರ್ಮವಾದ್ಯಗಳಿಗೆ ಬಣ್ಣದ ಚಿತ್ರ ಬರೆಯುವವನು. ಹುಡುಗನ ಕೆಲಸ ಬಣ್ಣ ಅರೆಯುವುದು. ಅಲ್ಲಿಯೂ ಸಾವಿರ ಕಷ್ಟಪಟ್ಟೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಲಾಸಾರೊ ಮುಂದೆ ಹೋಗುತ್ತಾನೆ. ಚಿತ್ರಕಾರರು ಈ ವಾಕ್ಯವನ್ನು ಓದಿ ತುಸು ಹೊತ್ತು ನಿಲ್ಲದೆ ಇರಲಾರರು.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಈ ಚಿತ್ರವನ್ನು ತರಗತಿಯಲ್ಲಿ ತೋರಿಸುವುದನ್ನು ನಿಲ್ಲಿಸಬೇಕಾಗಿಲ್ಲ, ಆದರೆ ಗಂಟಲಮಾರಿಯ ಚಿಕಿತ್ಸೆಗೆ ಸಾಕ್ಷ್ಯವೆಂದು ತೋರಿಸಬಾರದು. ಅದರಿಂದ ಆ ಕಾಲದ ವೈದ್ಯರು ಹೇಗೆ ಚಿಕಿತ್ಸೆ ಮಾಡುತ್ತಿದ್ದರೆಂದು ಯಾವ ತೀರ್ಮಾನಕ್ಕೂ ಬರಲಾಗದು. ವಿವರಣೆಯಲ್ಲಿ ‘ಫ್ರಾನ್ಸಿಸ್ಕೊ ಗೋಯಾ, ಲಾಸಾರಿಯೊ ದೆ ತೋರ್ಮೆಸ್, 1808–1812, ಹಿಂದೆ ಗಾರೊತಿಯೊ ಎಂಬ ಹೆಸರಿನಿಂದ ಪ್ರಸಿದ್ಧ’ ಎಂದು ಬರೆದರೆ ಎರಡೂ ಹೆಸರುಗಳನ್ನು ಹುಡುಕುವ ವಿದ್ಯಾರ್ಥಿಗೆ ಅನುಕೂಲವಾಗುತ್ತದೆ. ಹೆಸರಿಲ್ಲದೆ ಚಿತ್ರವನ್ನು ಮೊದಲು ತೋರಿಸಿ, ಇಲ್ಲಿ ಏನು ನಡೆಯುತ್ತಿದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ, ಮುದುಕನ ಕಣ್ಣುಗಳತ್ತ ಅವರ ಗಮನ ಹೋಗುವವರೆಗೂ ಕಾಯಬಹುದು. ಲಕ್ಷಣಗಳನ್ನು ಗಮನಿಸುವ ಮೊದಲೇ ರೋಗದ ಹೆಸರು ಹೇಳಿಬಿಡುವ ಅಭ್ಯಾಸದ ಬಗ್ಗೆ ಮಾತನಾಡಲು ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇನ್ನು ವೈದ್ಯ ಮತ್ತು ರೋಗಿಯ ಸಂಬಂಧವನ್ನು ತೋರಿಸುವ ಗೋಯಾನ ಚಿತ್ರವೇ ಬೇಕೆಂದಿದ್ದರೆ, ಅರಿಯೇತಾನ ಚಿತ್ರವನ್ನು ಆರಿಸಿಕೊಳ್ಳಿ. ಅದರ ಕೆಳಭಾಗದಲ್ಲಿ, ತನ್ನ ಜೀವ ಉಳಿಸಿದ ಗೆಳೆಯನ ನೈಪುಣ್ಯಕ್ಕೂ ಆರೈಕೆಗೂ ತಾನು ಕೃತಜ್ಞನೆಂದು ಗೋಯಾ ಬರೆದಿರುವ ಸಾಲುಗಳಿವೆ. ಚಿತ್ರವನ್ನು ಅಚ್ಚಿಗೋ ಸ್ಲೈಡಿಗೋ ಹೊಂದಿಸುವಾಗ ಆ ಭಾಗ ಕತ್ತರಿಸಿಹೋಗದಂತೆ ನೋಡಿಕೊಳ್ಳಿ.